ಮನೆಯಲ್ಲೇ ಟೊಂಕೊತ್ಸು ರಾಮೆನ್: ಮೂಳೆ ನೆನೆಸುವುದರಿಂದ ಬಟ್ಟಲು ತುಂಬುವವರೆಗೆ

ರಾಮೆನ್ ಅಂದರೆ ಬಿಸಿ ಸಾರಿನಲ್ಲಿ ನೂಡಲ್ಸ್ ಹಾಕಿ ಕೊಡುವ ಜಪಾನಿ ಅಡುಗೆ. ಅದರಲ್ಲಿ ಹಾಲಿನಂತೆ ಬೆಳ್ಳಗಿರುವ ಸಾರಿನದು ಟೊಂಕೊತ್ಸು ರಾಮೆನ್. ಅದನ್ನು ನೋಡಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಹಾಲು ಹಾಕ್ತಾರಾ? ಇಲ್ಲ. ಒಂದು ಹನಿಯೂ ಇಲ್ಲ. ಹಂದಿಯ ಮೂಳೆ, ನೀರು, ಜೋರು ಕುದಿ, ಇಷ್ಟೇ. ಜಪಾನಿ ಭಾಷೆಯಲ್ಲಿ ‘ಟೊನ್’ ಅಂದರೆ ಹಂದಿ, ‘ಕೊತ್ಸು’ ಅಂದರೆ ಮೂಳೆ. ಹೆಸರಿನಲ್ಲೇ ಅಡುಗೆ ಇದೆ.

ನಾನು ಮೊದಲ ಸಲ ಮಾಡಿದಾಗ ಇದನ್ನು ನಮ್ಮ ಕಾಲು ಸೂಪಿನ ಹಾಗೆ ಮಾಡಿದೆ. ಸಣ್ಣ ಉರಿ, ಮುಚ್ಚಿದ ಪಾತ್ರೆ, ಬೆಳಗಿನಿಂದ ಸಂಜೆವರೆಗೆ. ಹತ್ತು ಗಂಟೆ ಕಾದ ಮೇಲೆ ಸಿಕ್ಕಿದ್ದು ತಿಳಿಯಾದ ಕಂದು ಸಾರು. ರುಚಿ ಇತ್ತು, ಆದರೆ ಅದು ಟೊಂಕೊತ್ಸು ಅಲ್ಲ. ಹೊತ್ತು ಸರಿಯಾಗಿತ್ತು, ಉರಿ ತಪ್ಪಾಗಿತ್ತು. ನಿಧಾನವಾಗಿ ಬೇಯಿಸುವ ಸಾರು ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ, ಆ ‘ನಿಧಾನ’ ಗಡಿಯಾರಕ್ಕೆ ಮಾತ್ರ ಸೇರಿದ್ದು. ಒಲೆಯ ಮೇಲೆ ಪಾತ್ರೆ ಕೊತಕೊತ ಅನ್ನುತ್ತಲೇ ಇರಬೇಕು.

ಯಾಕೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಮೂಳೆ, ತೊಗಲು, ಕೀಲುಗಳಲ್ಲಿರುವ ಕೊಲ್ಲಾಜೆನ್ ಗಂಟೆಗಟ್ಟಲೆ ಬೆಂದು ಜೆಲಾಟಿನ್ ಆಗುತ್ತದೆ. ಜೋರು ಕುದಿ ನೆಣವನ್ನು ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಮಾಡುತ್ತದೆ. ಆ ಹನಿಗಳು ಮತ್ತೆ ಒಟ್ಟುಗೂಡಿ ಮೇಲೆ ತೇಲದ ಹಾಗೆ ಜೆಲಾಟಿನ್ ಹಿಡಿದಿಡುತ್ತದೆ. ಹೀಗೆ ಹರಡಿಕೊಂಡ ಹನಿಗಳೇ ಸಾರಿಗೆ ಹಾಲಿನ ಬಣ್ಣ ಕೊಡುವುದು. ಸಣ್ಣ ಉರಿಯಲ್ಲಿ ಜೆಲಾಟಿನ್ ಬರುತ್ತದೆ, ನೆಣ ಮಾತ್ರ ಒಡೆಯುವುದಿಲ್ಲ. ನನ್ನ ಪಾತ್ರೆಯಲ್ಲಿ ಆಗಿದ್ದು ಅದೇ.

ಈ ಸಾರು ಹುಟ್ಟಿದ್ದು ಜಪಾನಿನ ದಕ್ಷಿಣದ ಕ್ಯೂಶು ದ್ವೀಪದ ಕುರುಮೆ ಊರಿನಲ್ಲಿ. 1937ರಲ್ಲಿ ಅಲ್ಲಿ ನಾನ್ಕಿನ್ ಸೆನ್‌ರ್ಯೊ ಎಂಬ ಗಾಡಿ ಅಂಗಡಿ ಹಂದಿ ಮೂಳೆಯ ಸಾರಿನಲ್ಲಿ ರಾಮೆನ್ ಕೊಡಲು ಶುರು ಮಾಡಿತು. ಆಗಿನ ಸಾರು ಇಷ್ಟು ಬೆಳ್ಳಗಿರಲಿಲ್ಲ. 1947ರಲ್ಲಿ ಅದೇ ಊರಿನ ಸಾನ್‌ಕ್ಯೂ ಎಂಬ ಅಂಗಡಿಯಲ್ಲಿ ಸಾರು ಅಕಸ್ಮಾತ್ತಾಗಿ ಜಾಸ್ತಿ ಕುದ್ದುಹೋಗಿ ಬೆಳ್ಳಗಾಯಿತು, ಚೆಲ್ಲುವ ಮೊದಲು ರುಚಿ ನೋಡಿದರೆ ಅದೇ ಚೆನ್ನಾಗಿತ್ತು ಎಂದು ಹೇಳುತ್ತಾರೆ. ಅಲ್ಲಿಂದ ಅದು ಹಕಾತಾ, ಕುಮಾಮೊಟೊ ಅಂತ ಕ್ಯೂಶುವಿನ ಊರೂರಿಗೆ ಹೋಯಿತು. ಹಕಾತಾ ಅಂದರೆ ಫುಕುವೋಕಾ ನಗರದ ಹಳೆಯ ಭಾಗ.

ನಾವು ಎರಡು ವರ್ಷ ಫುಕುವೋಕಾದಲ್ಲಿದ್ದೆವು. ಸಂಜೆಯಾದರೆ ನಕಾ ನದಿಯ ದಂಡೆಯಲ್ಲಿ ಯತಾಯಿ ಎಂಬ ಗಾಡಿ ಅಂಗಡಿಗಳು ಬಂದು ನಿಲ್ಲುತ್ತಿದ್ದವು. ಎಂಟು ಹತ್ತು ಜನ ಮೊಣಕೈ ತಾಗಿಸಿಕೊಂಡು ಕೂರುವಷ್ಟೇ ಜಾಗ. ಒಂದು ಚಳಿಯ ರಾತ್ರಿ ನಾನು ಪಾತ್ರೆಯನ್ನೇ ನೋಡುತ್ತಾ ಕೂತಿದ್ದು ಕಂಡು, ಅಂಗಡಿಯ ಅಜ್ಜ ಸೌಟಿನಲ್ಲಿ ಒಂದು ಮೂಳೆ ಎತ್ತಿ ತಟ್ಟೆಗೆ ಹಾಕಿದರು. ಆರಿದ ಮೇಲೆ ಅದರ ತುದಿಯನ್ನು ಎರಡು ಬೆರಳಲ್ಲಿ ಹಿಂಡಿ ತೋರಿಸಿದರು. ಮೂಳೆ ನೆನೆದ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಒಳಗೆ ಇನ್ನೇನೂ ಉಳಿದಿರಲಿಲ್ಲ, ಇದ್ದದ್ದೆಲ್ಲ ಸಾರಿಗೆ ಬಂದಿತ್ತು. ಈಗಲೂ ಮನೆಯಲ್ಲಿ ಸಾರು ಆಯಿತೋ ಇಲ್ಲವೋ ಎಂದು ನಾನು ನೋಡುವುದು ಹಾಗೇ, ಮೂಳೆಯ ತುದಿ ಹಿಂಡಿ.

ಬೆಂಗಳೂರಿಗೆ ಬಂದ ಮೇಲೆ ಹಲವಾರು ಸಲ ಮಾಡಿದ್ದೇನೆ. ಕೆಳಗಿನ ಅಳತೆ ಆರು ಬಟ್ಟಲಿಗೆ. ಶುಕ್ರವಾರ ರಾತ್ರಿ ಶುರು ಮಾಡಿದರೆ ಭಾನುವಾರ ಮಧ್ಯಾಹ್ನ ಊಟ.

ಮೂಳೆ ತರುವುದು

ಮೂರು ಕೆಜಿ ಬೇಕು. ಒಂದೂವರೆ ಕೆಜಿ ತೊಡೆಯ ನಳ್ಳಿ ಮೂಳೆ, ಒಂದು ಕೆಜಿ ಕಾಲು, ಅರ್ಧ ಕೆಜಿ ಕುತ್ತಿಗೆ ಅಥವಾ ಬೆನ್ನಿನ ಮೂಳೆ. ನಳ್ಳಿಯಿಂದ ಮಜ್ಜೆಯ ರುಚಿ, ಕಾಲಿನಿಂದ ಅಂಟು, ಕುತ್ತಿಗೆ ಮೂಳೆಗೆ ಅಂಟಿರುವ ಮಾಂಸದಿಂದ ಸಿಹಿ. ಒಂದೇ ಒಂದು ಜಾಸ್ತಿ ಹಾಕುವುದಾದರೆ ಕಾಲು ಹಾಕಿ. ಕಾಲಿಲ್ಲದ ಸಾರು ಎಷ್ಟು ಕುದಿಸಿದರೂ ತುಟಿಗೆ ಅಂಟುವುದಿಲ್ಲ. ಇದರ ಜೊತೆಗೆ ಕಾಲು ಕೆಜಿ ಬೆನ್ನಿನ ನೆಣ, ಅಂದರೆ ತೊಗಲಿನ ಕೆಳಗಿನ ಗಟ್ಟಿ ಬಿಳಿ ಕೊಬ್ಬು.

ಕೊಡಗು, ಮಂಗಳೂರು ಕಡೆಯವರಿಗೆ ಹಂದಿ ಮಾಂಸದ ಅಂಗಡಿ ಹುಡುಕುವ ಕಷ್ಟವಿಲ್ಲ. ಪಂದಿ ಕರಿಗೂ ದುಕ್ರಾ ಮಾಸಿಗೂ ತರುವ ಅಂಗಡಿಯೇ ಸಾಕು. ಬೆಂಗಳೂರಿನಲ್ಲೂ ಪೋರ್ಕ್ ಅಂಗಡಿಗಳು ಬೇಕಾದಷ್ಟಿವೆ. ಆದರೆ ಮೂಳೆಯನ್ನು ಹಿಂದಿನ ದಿನವೇ ಹೇಳಿಡಬೇಕು. ನಾನು ಮೊದಲ ಸಲ ಹೋದಾಗ ಅಂಗಡಿಯವರು, “ಬರೀ ಮೂಳೆ ಯಾಕೆ ಮೇಡಂ, ನಾಯಿಗಾ?” ಎಂದು ಕೇಳಿದರು. “ಇಲ್ಲಣ್ಣ, ಸೂಪಿಗೆ. ನಳ್ಳಿಯನ್ನು ಮಧ್ಯಕ್ಕೆ ಒಡೆದು ಕೊಡಿ, ಕಾಲನ್ನು ಉದ್ದಕ್ಕೆ ಸೀಳಿ” ಎಂದೆ. ನೀವೂ ಹೀಗೇ ಹೇಳಿ. ಒಡೆಯದ ನಳ್ಳಿಯಿಂದ ಮಜ್ಜೆ ಹೊರಗೆ ಬರುವುದೇ ಇಲ್ಲ. ಮನೆಯ ಚಾಕುವಿನಲ್ಲಿ ಇದನ್ನು ಮಾಡಲು ಹೋಗಬೇಡಿ, ಕೈಗೆ ಅಪಾಯ.

ಕಾಲಿನ ಮೇಲೆ ಕೂದಲು ಉಳಿದಿದ್ದರೆ ಗ್ಯಾಸ್ ಉರಿಯ ಮೇಲೆ ಹಿಡಿದು ಸುಟ್ಟು, ಚಾಕುವಿನಲ್ಲಿ ಹೆರೆದು ತೊಳೆಯಿರಿ.

ಶುಕ್ರವಾರ ರಾತ್ರಿ: ನೆನೆಸುವುದು

ಮೂಳೆಯನ್ನು ದೊಡ್ಡ ಪಾತ್ರೆಯಲ್ಲಿ ತಣ್ಣೀರು ತುಂಬಿ ಫ್ರಿಜ್ಜಿನಲ್ಲಿಡಿ. ಮಲಗುವ ಮೊದಲು ಒಮ್ಮೆ ನೀರು ಬದಲಿಸಿ. ಬೆಳಿಗ್ಗೆ ನೋಡಿದರೆ ನೀರು ಕೆಂಪಾಗಿರುತ್ತದೆ. ಆ ರಕ್ತ ಸಾರಿನಲ್ಲೇ ಉಳಿದರೆ ಬಣ್ಣ ಬೂದಿಯಾಗುತ್ತದೆ, ವಾಸನೆಯೂ ಕೆಡುತ್ತದೆ.

ಅದೇ ರಾತ್ರಿ ಇನ್ನೊಂದು ಚಿಕ್ಕ ಕೆಲಸ. 250 ಮಿ.ಲೀ. ನೀರಿನಲ್ಲಿ 10 ಗ್ರಾಂ ಕೊಂಬು, ಮೂರು ಒಣ ಶಿಟಾಕೆ ಅಣಬೆ ನೆನೆಹಾಕಿ. ಕೊಂಬು ಅಂದರೆ ಒಣಗಿಸಿದ ದಪ್ಪ ಕಡಲಪಾಚಿ. ಇದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಶನಿವಾರ ಬೆಳಿಗ್ಗೆ: ಒಂದು ಕುದಿ, ಆಮೇಲೆ ಉಜ್ಜುವುದು

ಇಡೀ ಅಡುಗೆಯಲ್ಲಿ ಬೇಸರದ ಕೆಲಸ ಇದೊಂದೇ. ಸಾರು ಒಳ್ಳೆಯದಾಗುವುದೂ ಕೆಡುವುದೂ ಇಲ್ಲೇ.

ನೆನೆದ ನೀರು ಚೆಲ್ಲಿ, ಹೊಸ ನೀರು ಹಾಕಿ ಕುದಿಗೆ ಇಡಿ. ಕುದಿ ಬಂದ ಮೇಲೆ ಹದಿನೈದು ನಿಮಿಷ ಬಿಡಿ. ಬೂದು ಬಣ್ಣದ ನೊರೆ ರಾಶಿ ರಾಶಿ ಏಳುತ್ತದೆ, ವಾಸನೆ ಮನೆಯೆಲ್ಲ ಹರಡುತ್ತದೆ. ಕಿಟಕಿ ತೆರೆದಿಡಿ. ಆಮೇಲೆ ಆ ನೀರನ್ನು ಪೂರ್ತಿ ಚೆಲ್ಲಿಬಿಡಿ. ರುಚಿ ಹೋಯಿತಲ್ಲ ಎಂದು ಅನಿಸಬಹುದು. ಹೋಗುವುದಿಲ್ಲ. ಹದಿನೈದು ನಿಮಿಷದಲ್ಲಿ ಹೊರಬಂದದ್ದು ಕೊಳೆ ಮಾತ್ರ.

ಈಗ ಒಂದೊಂದೇ ಮೂಳೆಯನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ. ನಾನು ಇದಕ್ಕೆಂದೇ ಒಂದು ಹೊಸ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದೇನೆ. ಬೆನ್ನು ಮೂಳೆಯ ಸಂದುಗಳಲ್ಲಿ ಕಪ್ಪಗೆ ಹೆಪ್ಪುಗಟ್ಟಿದ ರಕ್ತ ಕೂತಿರುತ್ತದೆ, ಅದನ್ನು ಕಡ್ಡಿಯಲ್ಲಿ ಕೆದಕಿ ತೆಗೆಯಬೇಕು. ಕಾಲಿನ ಬೆರಳ ಸಂದಿಯನ್ನೂ ನೋಡಿ. ನಳ್ಳಿಯೊಳಗಿನ ಬೆಳ್ಳಗಿನ ಮಜ್ಜೆಯನ್ನು ಮುಟ್ಟಬೇಡಿ, ಅದು ಬೇಕು. ಕಂದು, ಕಪ್ಪು ಬಣ್ಣದ್ದು ಏನೂ ಉಳಿಯಬಾರದು. ಮೂರು ಕೆಜಿಗೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ. ಪಾತ್ರೆಯನ್ನೂ ಉಜ್ಜಿ ತೊಳೆಯಿರಿ, ಅಂಚಿಗೆ ನೊರೆ ಅಂಟಿರುತ್ತದೆ.

ಒಮ್ಮೆ ಅವಸರದಲ್ಲಿ ಈ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದೆ. ಹನ್ನೆರಡು ಗಂಟೆ ಕುದಿಸಿದ ಮೇಲೂ ಸಾರು ಕೊಳೆ ನೀರಿನ ಬಣ್ಣಕ್ಕೇ ನಿಂತಿತು. ಬಿಳಿ ಬರಲೇ ಇಲ್ಲ.

ಶನಿವಾರ ಇಡೀ ದಿನ: ಕುದಿ

ಹತ್ತು ಲೀಟರಿನ ದಪ್ಪ ತಳದ ಸ್ಟೀಲ್ ಪಾತ್ರೆ ಬೇಕು. ಮೂಳೆ ಜೋಡಿಸಿ, ಅದರ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ದೊಡ್ಡ ಉರಿಯಲ್ಲಿ ಇಡಿ. ಮೊದಲ ಅರ್ಧ ಗಂಟೆ ಪಕ್ಕದಲ್ಲೇ ಇದ್ದು ನೊರೆ ತೆಗೆಯಿರಿ. ಕಪ್ಪು ನೊರೆ ನಿಂತು ಬರೀ ಬಿಳಿ ನೊರೆ ಬರತೊಡಗಿದ ಮೇಲೆ ಪಾತ್ರೆ ಮುಚ್ಚಿ. ಮುಚ್ಚಳ ಸ್ವಲ್ಪ ಓರೆಯಾಗಿರಲಿ. ಉರಿ ಮಧ್ಯಮಕ್ಕಿಂತ ಒಂದು ಚೂರು ಮೇಲೆ. ಮುಚ್ಚಳ ತೆಗೆದಾಗಲೆಲ್ಲ ಗುಳ್ಳೆ ಉಕ್ಕುತ್ತಿರಬೇಕು, ಮೂಳೆಗಳು ಅಲುಗಾಡುತ್ತಿರಬೇಕು.

ಬೆನ್ನಿನ ನೆಣವನ್ನು ಈಗಲೇ ಹಾಕಿ. ಎರಡು ಗಂಟೆಯಲ್ಲಿ ಅದು ಬೆಣ್ಣೆಯಂತೆ ಮೆತ್ತಗಾಗುತ್ತದೆ. ಆಗ ತೆಗೆದು, ಸಣ್ಣಗೆ ಕೊಚ್ಚಿ ಬೇರೆ ಬಟ್ಟಲಿನಲ್ಲಿಟ್ಟುಕೊಳ್ಳಿ. ಕೊನೆಗೆ ಸಾರಿಗೆ ಸೇರಿಸೋಣ.

ಇನ್ನು ಅರ್ಧ ಗಂಟೆಗೊಮ್ಮೆ ಎರಡು ಕೆಲಸ. ನೀರು ಮೂಳೆಗಿಂತ ಕೆಳಗೆ ಇಳಿದಿದ್ದರೆ ಕುದಿಯುವ ನೀರನ್ನೇ ಹಾಕಿ, ತಣ್ಣೀರು ಬೇಡ, ಕುದಿ ನಿಂತುಹೋಗುತ್ತದೆ. ಎರಡನೆಯದು, ಮರದ ಸೌಟಿನಲ್ಲಿ ತಳ ಕೆದಕಿ. ಐದಾರು ಗಂಟೆಯ ನಂತರ ಕಾಲಿನ ತೊಗಲು ಕರಗಿ ತಳಕ್ಕೆ ಅಂಟಲು ಶುರುವಾಗುತ್ತದೆ. ತಳ ಹಿಡಿದರೆ ಸೀದ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಬಣ್ಣ ಬರುವುದನ್ನು ನೋಡುವುದೇ ಒಂದು ಖುಷಿ. ಎರಡು ಗಂಟೆಗೆ ಅಕ್ಕಿ ತೊಳೆದ ನೀರಿನ ಹಾಗೆ. ಐದು ಗಂಟೆಗೆ ನೀರು ಬೆರೆಸಿದ ಹಾಲು. ಹತ್ತು ಗಂಟೆ ದಾಟಿದ ಮೇಲೆ ತೆಂಗಿನಕಾಯಿಯ ಮೊದಲ ಹಾಲಿನ ಗಟ್ಟಿತನ ಬರುತ್ತದೆ. ಹನ್ನೆರಡು ಗಂಟೆ ಬೇಕು ಅಂತಲೇ ಲೆಕ್ಕ ಹಾಕಿಕೊಳ್ಳಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಡಿಕೇರಿಯಲ್ಲಿ ಇನ್ನೂ ಸ್ವಲ್ಪ ಕಡಿಮೆ. ಸಮುದ್ರ ತೀರದ ಫುಕುವೋಕಾದ ಲೆಕ್ಕಕ್ಕಿಂತ ನಮಗೆ ಒಂದಿಷ್ಟು ಹೊತ್ತು ಜಾಸ್ತಿಯೇ ಹಿಡಿಯುತ್ತದೆ.

ಗ್ಯಾಸ್ ಹಚ್ಚಿಟ್ಟು ಮಲಗಬೇಡಿ, ಹೊರಗೂ ಹೋಗಬೇಡಿ. ಒಂದೇ ದಿನ ಆಗದಿದ್ದರೆ ಆರು ಗಂಟೆ ಇವತ್ತು, ಆರು ಗಂಟೆ ನಾಳೆ ಮಾಡಿ. ರಾತ್ರಿ ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಿದರಾಯಿತು. ರುಚಿಗೆ ಏನೂ ಕಡಿಮೆಯಾಗುವುದಿಲ್ಲ. ಅಡುಗೆಮನೆಯಲ್ಲಿ ಹಾಗೇ ಬಿಟ್ಟರೆ ಮಾತ್ರ ಸಾರು ಹಳಸುತ್ತದೆ.

ಕೊನೆಯ ಎರಡು ಗಂಟೆ ಇದೆ ಅನ್ನುವಾಗ ಒಂದು ಈರುಳ್ಳಿ, ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಎರಡು ಇಂಚು ಶುಂಠಿ ಹಾಕಿ. ಮೊದಲೇ ಹಾಕಿದರೆ ಕರಗಿ ಬಣ್ಣ ಕಂದಾಗುತ್ತದೆ. ಮೆಣಸು, ಚಕ್ಕೆ, ಲವಂಗ ಬೇಡ. ಕೈ ತಡೆದುಕೊಳ್ಳಿ. ಮೂಳೆಯ ರುಚಿಯೇ ಇಲ್ಲಿ ಮಸಾಲೆ. ಉಪ್ಪು ಕೂಡ ಈಗ ಬೇಡ.

ಕೊನೆಯ ಅರ್ಧ ಗಂಟೆ ಮುಚ್ಚಳ ತೆಗೆದು ಉರಿ ಪೂರ್ತಿ ಏರಿಸಿ. ಸೌಟಿನ ಹಿಂಭಾಗದಲ್ಲಿ ಮೂಳೆಗಳನ್ನು ಕುಟ್ಟಿ ಒಡೆಯಿರಿ. ಮೂಳೆಯ ತುದಿ ಬೆರಳಲ್ಲಿ ಪುಡಿಯಾದರೆ ಆಯಿತು. ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಚೆನ್ನಾಗಿ ಒತ್ತಿ ಹಿಂಡಿ. ಕೊಚ್ಚಿಟ್ಟ ನೆಣವನ್ನು ಸೇರಿಸಿ. ಎರಡು ಲೀಟರಿಗಿಂತ ಒಂಚೂರು ಜಾಸ್ತಿ ಸಾರು ಸಿಗಬೇಕು. ಜಾಸ್ತಿ ಇದ್ದರೆ ಕುದಿಸಿ ಇಳಿಸಿ, ಕಡಿಮೆ ಇದ್ದರೆ ಬಿಸಿನೀರು ಸೇರಿಸಿ.

ಪ್ರೆಶರ್ ಕುಕ್ಕರಿನಲ್ಲಿ ಆಗಲ್ವಾ? ಆಗುತ್ತದೆ, ಅರ್ಧ ಅಳತೆಯಲ್ಲಿ. ಉಜ್ಜುವವರೆಗೆ ಎಲ್ಲ ಅದೇ. ಆಮೇಲೆ ಮೂಳೆ, ನೀರು ಸೇರಿ ಕುಕ್ಕರಿನ ಮೂರನೇ ಎರಡು ಭಾಗ ಮೀರದ ಹಾಗೆ ತುಂಬಿ, ಒಂದು ವಿಷಲ್ ಆದ ಮೇಲೆ ಸಣ್ಣ ಉರಿಯಲ್ಲಿ ಒಟ್ಟು ಮೂರು ಗಂಟೆ. ನಮ್ಮ ಕುಕ್ಕರಿನಲ್ಲಿ ಆವಿ ಹೊರಗೆ ಹೋಗುತ್ತಲೇ ಇರುತ್ತದೆ. ಅದಕ್ಕೆ ಮುಕ್ಕಾಲು ಗಂಟೆಗೊಮ್ಮೆ ಒಲೆ ಆರಿಸಿ, ಪ್ರೆಶರ್ ತಾನಾಗಿ ಇಳಿದ ಮೇಲೆ ತೆರೆದು ನೀರು ನೋಡಿ. ಮೂರು ಗಂಟೆಯ ನಂತರ ತೆರೆದಾಗ ಸಾರು ಬೆಳ್ಳಗಿರುವುದಿಲ್ಲ. ಗಾಬರಿ ಬೇಡ. ಪ್ರೆಶರಿನಲ್ಲಿ ಬೇಯುವಾಗ ಒಳಗೆ ನೀರು ಜೋರಾಗಿ ಹೊರಳಾಡುವುದಿಲ್ಲ, ಹಾಗಾಗಿ ನೆಣ ಒಡೆದಿರುವುದಿಲ್ಲ. ದೊಡ್ಡ ಪಾತ್ರೆಗೆ ಸುರಿದು ಒಂದು ಗಂಟೆ ಜೋರು ಕುದಿಸಿ. ಕಣ್ಣೆದುರೇ ಬೆಳ್ಳಗಾಗುತ್ತದೆ. ಸೋಸಿದ ಮೇಲೆ ಹ್ಯಾಂಡ್ ಬ್ಲೆಂಡರ್ ಆಡಿಸಿದರೆ ಇನ್ನೂ ಚೆನ್ನ. ಹನ್ನೆರಡು ಗಂಟೆಯ ಸಾರಿನ ಆಳ ಇದಕ್ಕೆ ಇರುವುದಿಲ್ಲ. ಆದರೂ ವಾರದ ಮಧ್ಯೆ ಆಸೆಯಾದರೆ ನಾನು ಮಾಡುವುದು ಇದನ್ನೇ.

ತರೆ: ಉಪ್ಪು ಬರುವುದು ಇಲ್ಲಿಂದ

ರಾಮೆನ್ ಅಂಗಡಿಯ ಸಾರಿನ ಪಾತ್ರೆಯಲ್ಲಿ ಉಪ್ಪಿರುವುದಿಲ್ಲ. ಉಪ್ಪೆಲ್ಲ ತರೆ ಎಂಬ ಗಾಢ ರಸದಲ್ಲಿರುತ್ತದೆ. ಪ್ರತಿ ಬಟ್ಟಲಿನ ತಳಕ್ಕೆ ಅದನ್ನು ಅಳೆದು ಹಾಕುತ್ತಾರೆ.

ರಾತ್ರಿ ನೆನೆಹಾಕಿದ ಕೊಂಬು, ಅಣಬೆಯನ್ನು ಆ ನೀರಿನ ಜೊತೆಗೇ ಸಣ್ಣ ಉರಿಯಲ್ಲಿಡಿ. ಕುದಿ ಬರುವ ಮೊದಲೇ ಕೊಂಬು ತೆಗೆದುಬಿಡಿ, ಕುದ್ದರೆ ಲೋಳೆಯಾಗುತ್ತದೆ. ಅಣಬೆ ಹತ್ತು ನಿಮಿಷ ಬೇಯಲಿ. ಸೋಸಿದರೆ ಸುಮಾರು 200 ಮಿ.ಲೀ. ಸಿಗುತ್ತದೆ. ಅದಕ್ಕೆ 100 ಮಿ.ಲೀ. ಜಪಾನಿ ಸೋಯಾ ಸಾಸ್, ಎರಡು ದೊಡ್ಡ ಚಮಚ ಮಿರಿನ್, 30 ಗ್ರಾಂ ಉಪ್ಪು ಸೇರಿಸಿ ಕರಗಿಸಿ. ಮಿರಿನ್ ಅಂದರೆ ಅಕ್ಕಿಯಿಂದ ಮಾಡಿದ ಸಿಹಿ ಅಡುಗೆ ಮದ್ಯ. ಅದಿಲ್ಲದಿದ್ದರೆ ಒಂದು ದೊಡ್ಡ ಚಮಚ ಸಕ್ಕರೆ, ಸ್ವಲ್ಪ ನೀರು.

ಸೋಯಾ ಸಾಸಿನಲ್ಲಿ ರಾಜಿ ಬೇಡ. ಫ್ರೈಡ್ ರೈಸಿಗೆ ಬಳಸುವ ಕಪ್ಪು ಗಟ್ಟಿ ಸೋಯಾ ಸಾಸ್ ಹಾಕಿದರೆ ಬೆಳ್ಳನೆ ಸಾರು ಕಪ್ಪಾಗುತ್ತದೆ, ಅಷ್ಟು ಹೊತ್ತಿನ ಕೆಲಸ ವ್ಯರ್ಥ. ಲೇಬಲ್ ನೋಡಿ: ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇದ್ದರೆ ಸರಿ. ಕಿಕ್ಕೊಮನ್ ಎಂಬ ಜಪಾನಿ ಬ್ರಾಂಡ್ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ.

ಕೊಂಬು ಯಾಕೆ? 1908ರಲ್ಲಿ ಟೋಕಿಯೋದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡ ಕೊಂಬು ಸಾರಿನ ರುಚಿಗೆ ಗ್ಲುಟಮೇಟ್ ಕಾರಣ ಎಂದು ಕಂಡುಹಿಡಿದು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಮಾಂಸದಲ್ಲಿ, ಒಣ ಶಿಟಾಕೆಯಲ್ಲಿ ಬೇರೆ ಬಗೆಯ ಉಮಾಮಿ ಪದಾರ್ಥಗಳಿವೆ. ಇವು ಒಟ್ಟಿಗೆ ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಒಂದು ಚಮಚ ಬರೀ ಸಾರು ಕುಡಿದು ನೋಡಿ, ಆಮೇಲೆ ತರೆಯ ಎರಡು ಹನಿ ಬಿಟ್ಟು ಕುಡಿದು ನೋಡಿ. ಗೊತ್ತಾಗುತ್ತದೆ.

ಚಾಶು ಮತ್ತು ಮೊಟ್ಟೆ

ಸಾರು ಕುದಿಯುತ್ತಿರುವಾಗ ಪಕ್ಕದ ಒಲೆಯಲ್ಲಿ ಚಾಶು, ಅಂದರೆ ರಾಮೆನ್ ಮೇಲಿಡುವ ಹಂದಿ ಮಾಂಸದ ಬಿಲ್ಲೆಗೆ ಬೇಕಾದ ಸುರುಳಿ ಮಾಡಿಕೊಳ್ಳಿ. ಒಂದು ಕೆಜಿ ಹೊಟ್ಟೆ ಭಾಗದ ಮಾಂಸ, ಮಾಂಸವೂ ನೆಣವೂ ಪದರ ಪದರವಾಗಿರುವ ತುಂಡು. ಸುರುಳಿ ಸುತ್ತಿ ಹತ್ತಿ ದಾರದಲ್ಲಿ ಬಿಗಿಯಾಗಿ ಕಟ್ಟಿ. ಬಾಣಲೆಯಲ್ಲಿ ಎಲ್ಲ ಕಡೆ ಕೆಂಪಗೆ ಹುರಿದು, ಚಿಕ್ಕ ಪಾತ್ರೆಗೆ ಹಾಕಿ. 120 ಮಿ.ಲೀ. ಸೋಯಾ ಸಾಸ್, ಅಷ್ಟೇ ಅಳತೆಯ ‘ಸಾಕೆ’ ಎಂಬ ಜಪಾನಿ ಅಕ್ಕಿ ಮದ್ಯ, 60 ಗ್ರಾಂ ಸಕ್ಕರೆ, ಎರಡು ಲೋಟ ನೀರು, ಶುಂಠಿ ಹೋಳು, ಈರುಳ್ಳಿ ಸೊಪ್ಪು ಹಾಕಿ ಮುಚ್ಚಿ. ಸಾಕೆ ಇಲ್ಲದಿದ್ದರೆ ಸಿಹಿಯಿಲ್ಲದ ಬಿಳಿ ವೈನ್, ಅದೂ ಬೇಡವಾದರೆ ನೀರೇ ಸಾಕು. ಇಲ್ಲಿ ಮಾತ್ರ ಸಣ್ಣ ಉರಿ, ಎರಡೂವರೆ ಗಂಟೆ. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಆರಿದ ಮೇಲೆ ರಸದ ಸಮೇತ ಫ್ರಿಜ್ಜಿನಲ್ಲಿಡಿ. ಬಿಸಿಯಿರುವಾಗ ಕತ್ತರಿಸಲು ಹೋದರೆ ಪುಡಿಪುಡಿಯಾಗುತ್ತದೆ. ತಣ್ಣಗಿರುವಾಗ ತೆಳ್ಳಗೆ ಬಿಲ್ಲೆ ಬರುತ್ತದೆ, ಬಡಿಸುವಾಗ ತವೆಯ ಮೇಲೆ ಬಿಸಿ ಮಾಡಿದರಾಯಿತು.

ಮೊಟ್ಟೆಯನ್ನು ಫ್ರಿಜ್ಜಿನಿಂದ ನೇರ ಕುದಿಯುವ ನೀರಿಗೆ ಇಳಿಸಿ ಏಳು ನಿಮಿಷ. ಜಪಾನಿನಲ್ಲಿ ಆರೂವರೆ ಸಾಕು, ಬೆಂಗಳೂರಿನಲ್ಲಿ ಆರೂವರೆಗೆ ಬಿಳಿಯೇ ಪೂರ್ತಿ ಗಟ್ಟಿಯಾಗಿರುವುದಿಲ್ಲ. ತಕ್ಷಣ ಐಸ್ ನೀರಿಗೆ ಹಾಕಿ, ಸುಲಿದು, ಚಾಶುವಿನ ತಣ್ಣನೆ ರಸಕ್ಕೆ ಅಷ್ಟೇ ನೀರು ಬೆರೆಸಿ ಅದರಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಕೊಡುವ ಮೊಟ್ಟೆಯನ್ನು ಪೂರ್ತಿ ಬೇಯಿಸಿ.

ನೂಡಲ್ಸ್

ಹಕಾತಾ ರಾಮೆನ್ನಿನ ನೂಡಲ್ಸ್ ತೆಳ್ಳಗೆ, ನೇರವಾಗಿರುತ್ತದೆ, ಕಚ್ಚಿದರೆ ನಡುವೆ ಸ್ವಲ್ಪ ಗಟ್ಟಿ. ಮೈದಾಗೆ ಈ ಗುಣ ಬರುವುದು ಕಾನ್ಸುಯಿ ಎಂಬ ಕ್ಷಾರದ ನೀರಿನಿಂದ. ಅದರಲ್ಲಿರುವುದು ಸೋಡಿಯಂ ಕಾರ್ಬೊನೇಟ್, ಪೊಟ್ಯಾಷಿಯಂ ಕಾರ್ಬೊನೇಟ್. ಮನೆಯಲ್ಲಿ ಅಡುಗೆ ಸೋಡಾದಿಂದಲೇ ಇದರ ಕೆಲಸ ಮಾಡಿಸಬಹುದು. ಸೋಡಾವನ್ನು ಸ್ಟೀಲ್ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ 120 ಡಿಗ್ರಿಗೆ ಒಂದು ಗಂಟೆ ಇಡಿ. ನೀರು, ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. 100 ಗ್ರಾಂ ಇಟ್ಟರೆ ಸುಮಾರು 63 ಗ್ರಾಂ ಆಗುತ್ತದೆ, ತೂಕ ಇಳಿದರೆ ಕೆಲಸವಾಯಿತು ಎಂದು ಲೆಕ್ಕ. ಅಲ್ಯೂಮಿನಿಯಂ ಪಾತ್ರೆ ಬೇಡ, ಬರಿಗೈಯಲ್ಲಿ ಮುಟ್ಟುವುದೂ ಬೇಡ, ಚರ್ಮ ಉರಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ಮೇಲೆ ಹೆಸರು ಬರೆದಿಡಿ.

500 ಗ್ರಾಂ ಮೈದಾ. 190 ಮಿ.ಲೀ. ನೀರಿನಲ್ಲಿ ಈ ಸೋಡಾ 6 ಗ್ರಾಂ, ಉಪ್ಪು 5 ಗ್ರಾಂ ಕರಗಿಸಿ, ಸ್ವಲ್ಪ ಸ್ವಲ್ಪವೇ ಹಿಟ್ಟಿಗೆ ಚಿಮುಕಿಸುತ್ತಾ ಬೆರಳಲ್ಲಿ ಉದುರಿಸಿ. ನೀರು ತಗುಲಿದ ಕಡೆ ಹಿಟ್ಟು ಹಳದಿಯಾಗುತ್ತದೆ. ಅರಿಸಿನವೇನೂ ಇಲ್ಲ, ಹಿಟ್ಟಿನಲ್ಲೇ ಇರುವ ಬಣ್ಣ ಕ್ಷಾರಕ್ಕೆ ಹಾಗೆ ತಿರುಗುತ್ತದೆ. ಒಬ್ಬಟ್ಟಿನ ಕಣಕ ಮಾಡಿ ರೂಢಿಯಿರುವವರಿಗೆ ಈ ಹಿಟ್ಟು ಕಂಡು ಭಯವಾಗಬಹುದು. ಉಂಡೆಯೇ ಆಗುವುದಿಲ್ಲ, ತರಿತರಿಯಾಗಿ ಉದುರುತ್ತಿರುತ್ತದೆ. ನೀರು ಸೇರಿಸಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಟ್ಟೆ ಹೊದಿಸಿ ಕಾಲಿನಿಂದ ತುಳಿದು ಗಟ್ಟಿಯಾಗಿ ಒತ್ತಿ. ಒಂದು ಗಂಟೆ ಬಿಟ್ಟು, ಪಾಸ್ತಾ ಮಷಿನ್ನಿನಲ್ಲಿ ಮಡಚಿ ಮಡಚಿ ಹಾಯಿಸಿ. ಹಾಳೆ ನಯವಾದ ಮೇಲೆ ಒಂದೂವರೆ ಮಿ.ಮೀ. ದಪ್ಪಕ್ಕೆ ಇಳಿಸಿ, ಮಷಿನ್ನಿನಲ್ಲೇ ಇರುವ ತೆಳ್ಳಗಿನ ಎಳೆಯ ಕಟರಿನಲ್ಲಿ ಕತ್ತರಿಸಿ, ಕಾರ್ನ್‌ಫ್ಲೋರ್ ಉದುರಿಸಿ ಆರು ಸಿಂಬೆ ಮಾಡಿ ಫ್ರಿಜ್ಜಿನಲ್ಲಿಡಿ. ಮರುದಿನ ಇನ್ನೂ ಚೆನ್ನಾಗಿರುತ್ತದೆ. ಮಷಿನ್ ಇಲ್ಲದೆ ಲಟ್ಟಣಿಗೆಯಲ್ಲೇ ಮಾಡುವವರು ನೀರನ್ನು 220 ಮಿ.ಲೀ.ಗೆ ಏರಿಸಿ. ಕಚ್ಚುವ ಗುಣ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ತೋಳು ಉಳಿಯುತ್ತದೆ.

ಇಷ್ಟೆಲ್ಲ ಬೇಡ ಅನ್ನುವವರಿಗೆ ಒಂದು ದಾರಿಯಿದೆ. ಅತಿ ತೆಳ್ಳಗಿನ ಸ್ಪಗೆಟಿಯನ್ನು ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿ. ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಬಣ್ಣವೂ ವಾಸನೆಯೂ ಆಶ್ಚರ್ಯವಾಗುವಷ್ಟು ರಾಮೆನ್ನಿಗೆ ಹತ್ತಿರ ಬರುತ್ತದೆ.

ಮೇಲಿನ ಅಲಂಕಾರ

ಹಕಾತಾದಲ್ಲಿ ಮೇಲೆ ಹಾಕುವುದು ಕಡಿಮೆ. ಸಣ್ಣಗೆ ಹೆಚ್ಚಿದ ಸ್ಪ್ರಿಂಗ್ ಆನಿಯನ್, ಕಿಕುರಗೆ ಎಂಬ ಕಿವಿಯಾಕಾರದ ಕಪ್ಪು ಅಣಬೆ, ಹುರಿದ ಎಳ್ಳು, ಕೆಂಪು ಶುಂಠಿ. ಶುಂಠಿಯನ್ನು ಮನೆಯಲ್ಲೇ ಮಾಡಿ: ಎಳೆ ಶುಂಠಿಯನ್ನು ಕಡ್ಡಿಯಂತೆ ಹೆಚ್ಚಿ, ವಿನೆಗರ್, ಉಪ್ಪು, ಬಣ್ಣಕ್ಕೆ ಎರಡು ಬೀಟ್‌ರೂಟ್ ಬಿಲ್ಲೆ. ಸಾರಿನ ಜಿಡ್ಡನ್ನು ಕತ್ತರಿಸುವುದು ಇದೇ.

ಕುಮಾಮೊಟೊ ಕಡೆ ಬೆಳ್ಳುಳ್ಳಿಯ ಕಪ್ಪು ಎಣ್ಣೆ ಹಾಕುತ್ತಾರೆ, ಮಾಯು ಅಂತ. ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ, ಕಾಲು ಲೋಟ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಪ್ಪಾಗುವ ತನಕ ಹುರಿದು, ಒಂದು ಚಮಚ ಜಪಾನಿ ಎಳ್ಳೆಣ್ಣೆ ಸೇರಿಸಿ ಮಿಕ್ಸಿಗೆ ಹಾಕಿ. ನಮ್ಮ ಗಾಣದ ಎಳ್ಳೆಣ್ಣೆ ಬೇರೆ, ಜಪಾನಿನದು ಬೇರೆ. ಅವರು ಎಳ್ಳನ್ನು ಚೆನ್ನಾಗಿ ಹುರಿದು ಎಣ್ಣೆ ತೆಗೆಯುತ್ತಾರೆ, ಆ ಪರಿಮಳವೇ ಬೇಕಾದದ್ದು.

ಭಾನುವಾರ: ಎರಡು ನಿಮಿಷದ ಕೆಲಸ

ಎಲ್ಲರನ್ನೂ ಮೊದಲು ಕೂರಿಸಿ. ನೂಡಲ್ಸ್ ಯಾರಿಗೂ ಕಾಯುವುದಿಲ್ಲ.

ಫ್ರಿಜ್ಜಿನಿಂದ ತೆಗೆದಾಗ ಸಾರು ಅಲುಗಾಡುವ ಗಟ್ಟಿ ಜೆಲ್ಲಿಯಾಗಿರಬೇಕು. ಒಂದು ಕಡೆ ಅದನ್ನು ಕುದಿಸಿ, ಇನ್ನೊಂದು ಕಡೆ ದೊಡ್ಡ ಪಾತ್ರೆಯಲ್ಲಿ ಉಪ್ಪಿಲ್ಲದ ನೀರು. ಬಟ್ಟಲುಗಳಿಗೆ ಬಿಸಿನೀರು ತುಂಬಿ ಬೆಚ್ಚಗೆ ಮಾಡಿ ಚೆಲ್ಲಿ. ಒಂದೊಂದಕ್ಕೆ ಎರಡು ದೊಡ್ಡ ಚಮಚ, ಅಂದರೆ 30 ಮಿ.ಲೀ. ತರೆ ಹಾಕಿ. ನೂಡಲ್ಸ್ ನೀರಿಗೆ ಬಿಟ್ಟ ಕೂಡಲೇ 300 ಮಿ.ಲೀ. ಕುದಿಯುವ ಸಾರು ಸುರಿಯಿರಿ. ಒಂದು ನಿಮಿಷಕ್ಕೆ ನೂಡಲ್ಸ್ ಎತ್ತಿ, ನೀರು ಪೂರ್ತಿ ಝಾಡಿಸಿ ಇಳಿಸಿ, ಮಡಚಿ ಮಲಗಿಸಿ. ಮೇಲೆ ಎರಡು ಬಿಲ್ಲೆ ಚಾಶು, ಅರ್ಧ ಮೊಟ್ಟೆ, ಉಳಿದದ್ದೆಲ್ಲ. ಕೊನೆಗೆ ಮಾಯು ನಾಲ್ಕು ಹನಿ. ಒಂದು ಸಲಕ್ಕೆ ಎರಡು ಬಟ್ಟಲಿಗಿಂತ ಜಾಸ್ತಿ ಮಾಡಬೇಡಿ.

ಫುಕುವೋಕಾದಲ್ಲಿ ನೂಡಲ್ಸ್ ಎಷ್ಟು ಬೇಯಬೇಕು ಎಂದು ಕೇಳುತ್ತಾರೆ. ‘ಕತ’ ಅಂದರೆ ಗಟ್ಟಿ, ‘ಬರಿಕತ’ ಅಂದರೆ ಇನ್ನೂ ಗಟ್ಟಿ, ‘ಹರಿಗನೆ’ ಅಂದರೆ ತಂತಿ. ಮೊದಲ ಸಲ ಕತ ಹೇಳಿ, ಮನೆಯಲ್ಲೂ ಅದೇ ಹದಕ್ಕೆ ಎತ್ತಿ. ಬಿಸಿ ಸಾರಿನಲ್ಲಿ ತಿನ್ನುತ್ತಾ ತಿನ್ನುತ್ತಾ ಅದು ಬೇಯುತ್ತಲೇ ಇರುತ್ತದೆ. ತಿನ್ನುವಾಗ ಸೊರ್ ಎಂದು ಎಳೆದುಕೊಳ್ಳಿ, ಅಲ್ಲಿ ಅದು ತಪ್ಪಲ್ಲ. ನೂಡಲ್ಸ್ ಮುಗಿದು ಸಾರು ಉಳಿದರೆ ಇನ್ನೊಂದು ಸಿಂಬೆ ಬೇಯಿಸಿ ಅದಕ್ಕೇ ಹಾಕಿ. ಇದಕ್ಕೆ ಕಾಯೆದಾಮ ಅನ್ನುತ್ತಾರೆ. ಫುಕುವೋಕಾದ ನಗಹಾಮಾ ಮೀನು ಮಾರುಕಟ್ಟೆಯ ಅವಸರದ ಜನಕ್ಕಾಗಿ ಬಂದ ಪದ್ಧತಿ ಇದು. ಬೇಗ ಬೇಯಲಿ ಎಂದು ನೂಡಲ್ಸ್ ತೆಳ್ಳಗೆ, ಮೆತ್ತಗಾಗುವ ಮೊದಲೇ ಮುಗಿಯಲಿ ಎಂದು ಒಂದು ಸಲಕ್ಕೆ ಸ್ವಲ್ಪವೇ, ಸಾಲದವರಿಗೆ ಇನ್ನೊಂದು ಸಿಂಬೆ. ಎರಡನೇ ಸಲಕ್ಕೆ ಸಾರು ಸಪ್ಪೆಯಾಗಿರುತ್ತದೆ, ಅರ್ಧ ಚಮಚ ತರೆ ಸೇರಿಸಿ.

ಉಳಿದ ಸಾರು ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಇರುತ್ತದೆ. ಪೂರ್ತಿ ಖಾಲಿ ಮಾಡಬೇಡಿ. ಕುರುಮೆಯ ಹಳೆಯ ಅಂಗಡಿಗಳಲ್ಲಿ ಸಾರಿನ ಪಾತ್ರೆಯನ್ನು ಬರಿದು ಮಾಡುವುದೇ ಇಲ್ಲ, ಹಳೆಯದಕ್ಕೆ ಹೊಸ ಸಾರು ಸೇರಿಸುತ್ತಾ ಹೋಗುತ್ತಾರೆ. ಅದಕ್ಕೆ ಯೊಬಿಮೊದೊಶಿ ಎಂದು ಹೆಸರು. ಮನೆಯಲ್ಲಿ ಅಷ್ಟು ಆಗುವುದಿಲ್ಲ. ಆದರೆ ನಾಳೆಯ ಮೊಸರಿಗೆ ಹೆಪ್ಪು ಎತ್ತಿಡುವ ಹಾಗೆ ನಾನು ಪ್ರತಿ ಸಲ ಒಂದು ಲೋಟ ಸಾರನ್ನು ಚಿಕ್ಕ ಡಬ್ಬಿಯಲ್ಲಿ ಫ್ರೀಜ್ ಮಾಡಿಡುತ್ತೇನೆ. ಮುಂದಿನ ಸಲ ಕೊನೆಯ ಅರ್ಧ ಗಂಟೆಯ ಜೋರು ಕುದಿಗೆ ಅದನ್ನೂ ಹಾಕುತ್ತೇನೆ. ನೀವೂ ಒಂದು ಲೋಟ ಎತ್ತಿಡಿ. ಡಬ್ಬಿಯ ಮೇಲೆ ತಾರೀಖು ಬರೆಯಿರಿ.